ಕಡಲನ್ನು ನೋಡದೆ ಮರಳುವ ವಿದ್ಯೆ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕಡಲನ್ನು ಕಾಣಬೇಕೆಂಬ ಹಂಬಲ ಎಷ್ಟಿರುವುದೆಂಬುದು ಕರಾವಳಿಯ ಮಿತ್ರರಿಗೆ ಸುಲಭವಾಗಿ ತಿಳಿಯುವಂತಹದಲ್ಲ. ಕೆರೆ ತುಂಬಿ ಕೋಡಿ ಬಿದ್ದರೆ ಊರಿಗೆ ಊರೇ ಹೊರಟು ಬಾಗಿನ ಕೊಡುವ ನಾಡು ನಮ್ಮದು. ನೀರನ್ನು ಕೊಡದಲ್ಲಿ ಎಣಿಸಿ ಬಳಸಿದ ಕಣ್ಣುಗಳಿಗೆ, ಎಣಿಕೆಯಿಲ್ಲದ ನೀರು ಎದುರಿಗೆ ಬಂದು ನಿಂತಾಗ ಆಗುವ ಬೆರಗು ಮಾತಿಗೆ ಮೀರಿದುದು. ಗೋಕರ್ಣದ ದಿಬ್ಬವನ್ನು ಹತ್ತಿದಾಗ, ಮುರುಡೇಶ್ವರದ ತಿರುವಿನಲ್ಲಿ, ಮರವಂತೆಯಲ್ಲಿ ಒಂದು ಕಡೆ ನದಿಯೂ ಮತ್ತೊಂದು ಕಡೆ ಸಮುದ್ರವೂ ರಸ್ತೆಯನ್ನು ನಡುವಿಟ್ಟು ಹರಿಯುವಲ್ಲಿ, ಗಾಡಿಯೊಳಗಿನ ಮಕ್ಕಳು ಒಂದೇ ಕಂಠದಿಂದ ಕೂಗುವ ಕೂಗನ್ನು ಕೇಳಿದವರಿಗೆ ನಾನು ಹೇಳುವುದರ ಅರ್ಥವಾದೀತು. ಆ ಕೂಗಿನಲ್ಲಿ ಹಿರಿಯರ ದನಿಯೂ ಸೇರಿರುತ್ತದೆ. ಅವರು ಅದನ್ನು ಹೊರಗೆ ಬಿಡುವುದಿಲ್ಲ, ಅಷ್ಟೆ.

ಇಂತಹ ಪ್ರವಾಸಕ್ಕೆ ನಮ್ಮ ಮನೆಗಳಲ್ಲಿ ನಡೆಯುವ ಸಿದ್ಧತೆಯೂ ಸಾಮಾನ್ಯವಾದುದಲ್ಲ. ವಸತಿ ಎಲ್ಲಿ, ಊಟ ಹೇಗೆ, ದೇವರ ದರ್ಶನ ಯಾವ ವೇಳೆಗೆ, ಮರಳುವ ರೈಲಿಗೆ ಸ್ಥಳ ಕಾದಿರಿಸಿದೆಯೆ, ಅಜ್ಜಿಗೆ ಮೆಟ್ಟಿಲು ಹತ್ತಲಾದೀತೆ — ಇವೆಲ್ಲವೂ ತಿಂಗಳ ಮೊದಲೇ ಚರ್ಚೆಯಾಗುತ್ತವೆ. ಆದರೆ ಯಾವ ಕಡಲನ್ನು ನೋಡಲೆಂದು ಇಷ್ಟೆಲ್ಲ ಏರ್ಪಾಡು ನಡೆಯುವುದೋ, ಆ ಕಡಲು ಆ ದಿನ ನಮ್ಮನ್ನು ಬರಮಾಡಿಕೊಳ್ಳುವ ಸ್ಥಿತಿಯಲ್ಲಿರುವುದೆ ಎಂದು ವಿಚಾರಿಸುವವರನ್ನು ನಾನು ಕಂಡಿರುವುದು ಬಹು ಅಪೂರ್ವ. ನೆಂಟರ ಮನೆಗೆ ಹೋಗುವಾಗಲಾದರೂ ಮುಂಚಿತವಾಗಿ ಹೇಳಿಕಳುಹಿಸುತ್ತೇವೆ. ಅವರ ಮನೆಯಲ್ಲಿ ಕಾಯಿಲೆಯೋ ಸೂತಕವೋ ಇದ್ದರೆ ಪ್ರಯಾಣವನ್ನು ಮುಂದಕ್ಕೆ ಹಾಕುತ್ತೇವೆ. ಕಡಲಿಗೆ ಮಾತ್ರ ಈ ಮರ್ಯಾದೆ ಸಲ್ಲುವುದಿಲ್ಲ. ಗೋಡೆಯ ಮೇಲಿನ ಚಿತ್ರಪಟದಂತೆ ಅದು ಯಾವಾಗಲೂ ತನ್ನ ಸ್ಥಳದಲ್ಲಿ ತೂಗುತ್ತಿರುವುದೆಂದೇ ನಮ್ಮ ನಂಬಿಕೆ.

ಪ್ರಕೃತಿಯ ಕೋಪದಿಂದ ಪ್ರವಾಸಿಗರು ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ಓದುತ್ತ ಓದುತ್ತ ನನಗೆ ಒಂದು ವಿಚಾರ ದೃಢವಾಗಿದೆ. ಅವರಲ್ಲಿ ಅನೇಕರು ಧೈರ್ಯ ಸಾಲದೆ ಸತ್ತವರಲ್ಲ. ಈಜು ಬಾರದೆ ಸತ್ತವರು ಕೂಡ ಎಲ್ಲರೂ ಅಲ್ಲ. ಅವರಿಗೆ ಕೊರತೆಯಾಗಿದ್ದುದು ಇನ್ನೊಂದು ದಿನ. ತೀರದಲ್ಲಿ ವಾಸಿಸುವವನಿಗೆ ವರ್ಷದ ದಿನಗಳೆಲ್ಲ ಕಡಲಿನ ದಿನಗಳೇ. ಇಂದು ಬೇಡವೆಂದರೆ ನಾಳೆ ಇದೆ. ಪ್ರವಾಸಿಗನ ಕೈಯಲ್ಲಿರುವುದು ಒಂದೇ ದಿನ. ಹಣ ತೆತ್ತಾಗಿದೆ, ರಜೆ ಹಾಕಿಯಾಗಿದೆ, ಮಕ್ಕಳಿಗೆ ಮಾತು ಕೊಟ್ಟಾಗಿದೆ. ಆ ಒಂದು ದಿನ ಮಳೆ ಬಂದರೆ, ಗಾಳಿ ಎದ್ದರೆ, ಕೆಂಪು ಬಾವುಟ ಏರಿದರೆ, ಅವನಿಗೆ ಅದು ಎಚ್ಚರಿಕೆಯಾಗಿ ತೋರುವುದಿಲ್ಲ, ತನಗೆ ಆದ ಅನ್ಯಾಯವಾಗಿ ತೋರುತ್ತದೆ. ಗಾಳಿ ಬಂದಾಗ ತೂರಿಕೋ ಎಂಬ ನಮ್ಮ ಕಣದ ಗಾದೆಯನ್ನೇ ಅವನು ಕಡಲಿನ ದಂಡೆಗೂ ಒಯ್ಯುತ್ತಾನೆ. ಕಣದ ಗಾಳಿಗೂ ಕಡಲ ಗಾಳಿಗೂ ಇರುವ ಅಂತರವನ್ನು ಅವನಿಗೆ ಹೇಳಿಕೊಟ್ಟವರಿಲ್ಲ.

ತೀರದವರ ನಡತೆಯನ್ನು ನೋಡಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ, ಒಟ್ಟು ೬೧ ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿಯ ರಕ್ಷಣೆ ಅದರ ಮುಖ್ಯ ಉದ್ದೇಶವಾದರೂ, ಮಳೆಗಾಲದ ಕಡಲಿಗೆ ಇಳಿಯಬಾರದೆಂಬ ಸಂಪ್ರದಾಯ ಸರಕಾರದ ಆಜ್ಞೆಗಿಂತ ಬಹಳ ಹಳೆಯದು. ನೂಲಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ಮಾಡಿ, ಹಾಲು ಎರೆದು, ತೆಂಗಿನಕಾಯಿ ಅರ್ಪಿಸಿ, ಆಮೇಲೆ ದೋಣಿ ನೂಕುವುದು ಅವರ ಪದ್ಧತಿ. ಕಡಲನ್ನೇ ನಂಬಿ ಅನ್ನ ಉಣ್ಣುವ ಜನ, ಅದರ ಮಗ್ಗುಲಲ್ಲೇ ಹುಟ್ಟಿದ ಜನ, ವರ್ಷಕ್ಕೆ ಎರಡು ತಿಂಗಳು ಅದಕ್ಕೆ ಬೆನ್ನು ತಿರುಗಿಸಿ ಬಲೆ ನೇಯುತ್ತ ಕುಳಿತುಕೊಳ್ಳುವರು. ಅದೇ ಎರಡು ತಿಂಗಳುಗಳಲ್ಲಿ, ಮಳೆಗಾಲದ ಕಡಲಿನ ಸೊಬಗನ್ನು ಸವಿಯಬೇಕೆಂದು, ನಮ್ಮ ಊರುಗಳಿಂದ ಗಾಡಿಗಳು ಘಟ್ಟವಿಳಿದು ಹೋಗುತ್ತವೆ!

ಒಮ್ಮೆ ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ನಾನು ಗೋಕರ್ಣದ ಆಚೆಯ ಒಂದು ಸಣ್ಣ ಕಡಲಕೊಲ್ಲಿಯಲ್ಲಿ ಕುಳಿತಿದ್ದೆ. ಮಳೆ ನಿಂತು ಆಕಾಶ ತೊಳೆದಿಟ್ಟ ತಾಂಬಾಣದಂತೆ ಹೊಳೆಯುತ್ತಿದ್ದಿತು. ಮರಳಿನ ಮೇಲೆ ಎಳೆದಿಟ್ಟಿದ್ದ ದೋಣಿಯೊಂದರ ನೆರಳಿನಲ್ಲಿ ವಯಸ್ಸಾದ ದೋಣಿಗಾರನೊಬ್ಬನು ಹಗ್ಗ ಸುತ್ತುತ್ತಿದ್ದನು. ಬಯಲುಸೀಮೆಯ ಒಂದು ಸಂಸಾರ ಅವನ ಬಳಿಗೆ ಬಂದಿತು. ತಂದೆ, ತಾಯಿ, ಇಬ್ಬರು ಮಕ್ಕಳು, ಜತೆಗೆ ಒಬ್ಬ ಸೋದರಮಾವ. ಆಚೆಯ ಕೊಲ್ಲಿಯವರೆಗೆ ದೋಣಿಯಲ್ಲಿ ಹೋಗಿಬರಬೇಕೆಂದು ಅವರ ಆಸೆ.

“ಇವತ್ತು ದೋಣಿ ಇಲ್ಲ ಸಾರ್” ಎಂದನು ಮುದುಕ.

“ಏನಜ್ಜಾ, ಬಿಸಿಲು ಎಷ್ಟು ಚೆನ್ನಾಗಿದೆ! ಬೇಕಾದರೆ ನೂರು ರೂಪಾಯಿ ಹೆಚ್ಚಿಗೆ ಕೊಡೋಣ” ಎಂದರು ತಂದೆ.

“ದುಡ್ಡಿನ ಮಾತಲ್ಲ. ಮೇಲೆ ಚಂದ ಕಾಣ್ತದೆ. ನೀರಿನ ಅಡಿ ಸಮ ಇಲ್ಲ. ನಾಳೆ ಬನ್ನಿ, ನೋಡುವ.”

“ನಾಳೆ ನಾವು ಇಲ್ಲಿ ಇರೋದಿಲ್ಲವಲ್ಲ!”

ಮುದುಕನು ಹಗ್ಗದಿಂದ ಕಣ್ಣೆತ್ತಿ ಮಕ್ಕಳ ಕಡೆಗೆ ನೋಡಿದನು. “ಕಡಲು ಇರ್ತದೆ ಸಾರ್” ಎಂದು ಮತ್ತೆ ಹಗ್ಗ ಸುತ್ತತೊಡಗಿದನು.

ಆ ಸಂಸಾರ ಗೊಣಗುತ್ತ ಹಿಂದಿರುಗಿತು. ಅಂದಿನ ಅವನ ಸಂಪಾದನೆ ಸೊನ್ನೆಯೆಂಬುದನ್ನು ಅವರಾರೂ ಯೋಚಿಸಿದಂತೆ ಕಾಣಲಿಲ್ಲ. ನಾನು ಹತ್ತಿರ ಹೋಗಿ, ನೀರಿನ ಅಡಿ ಸಮವಿಲ್ಲವೆಂಬುದು ಹೇಗೆ ತಿಳಿಯಿತೆಂದು ಕೇಳಿದೆನು. ಅವನು ಬೆರಳು ಮಾಡಿ ತೋರಿಸಿದನು. ಅಲೆಗಳು ದೂರದೂರವಾಗಿ, ಒಂದರ ಹಿಂದೆ ಇನ್ನೊಂದು ಬಹಳ ಹೊತ್ತು ತಡೆದು ಬರುತ್ತಿದ್ದವು. ಬಂದುದು ಮಾತ್ರ ಬಂಡೆಯ ನೆತ್ತಿಯನ್ನು ತೋಯಿಸಿ ಹೋಗುತ್ತಿದ್ದಿತು. ಗಾಳಿಯಿರಲಿಲ್ಲ. ಗಾಳಿಯಿಲ್ಲದೆ ಹೀಗೆ ಅಲೆ ಬಂದರೆ ಅದು ಇಲ್ಲಿಯದಲ್ಲ, ಎಲ್ಲಿಂದಲೋ ಬಂದದ್ದು ಎಂಬುದು ಅವನ ವಿವರಣೆ.

ಆ ವಿವರಣೆಯಲ್ಲಿ ವಿಜ್ಞಾನಕ್ಕೆ ವಿರೋಧವಾದುದು ಏನೂ ಇರಲಿಲ್ಲ. ಹಿಂದೂ ಮಹಾಸಾಗರದ ದಕ್ಷಿಣದಂಚಿನಲ್ಲಿ, ಭೂಮಧ್ಯರೇಖೆಯಿಂದ ಬಹು ದೂರದಲ್ಲಿ, ಬಿರುಗಾಳಿಗಳು ಎಬ್ಬಿಸಿದ ಉದ್ದನೆಯ ಅಲೆಗಳು ಸಾವಿರಾರು ಕಿಲೋಮೀಟರು ಪ್ರಯಾಣ ಮಾಡಿ ಕೆಲವು ದಿನಗಳ ಬಳಿಕ ನಮ್ಮ ತೀರವನ್ನು ಮುಟ್ಟುತ್ತವೆ. ಇಲ್ಲಿ ಮೋಡವಿರುವುದಿಲ್ಲ, ಗಾಳಿಯಿರುವುದಿಲ್ಲ. ಆದರೂ ಸಮುದ್ರ ಒಮ್ಮೆಗೇ ಉಬ್ಬಿ ದಂಡೆಯ ಮೇಲೇರುತ್ತದೆ. ಕೇರಳದ ಬೆಸ್ತರು ಇದಕ್ಕೆ ‘ಕಳ್ಳಕ್ಕಡಲ್’ ಎಂದು ಹೆಸರಿಟ್ಟಿದ್ದಾರೆ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು. ಕನ್ನಡಿಗರಿಗೆ ಈ ಮಾತಿಗೆ ಅರ್ಥ ಹೇಳಬೇಕಾದುದಿಲ್ಲ. ಇಂದು ವಿಜ್ಞಾನಿಗಳೂ ಇದೇ ಹೆಸರನ್ನು ಬಳಸುತ್ತಾರೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇಂತಹ ಅಲೆಗಳು ಬರುವ ಮೊದಲೇ ಲೆಕ್ಕ ಹಾಕಿ ಎಚ್ಚರಿಕೆ ಕೊಡುತ್ತದೆ.

೨೦೨೪ರ ಮೇ ತಿಂಗಳ ಮೊದಲ ವಾರದಲ್ಲಿಯೂ ಅದು ಎಚ್ಚರಿಕೆ ಕೊಟ್ಟಿದ್ದಿತು. ಕನ್ಯಾಕುಮಾರಿ ಜಿಲ್ಲೆಯ ಒಂದು ಕಡಲತೀರವನ್ನು ಅಧಿಕಾರಿಗಳು ಆ ಕಾರಣದಿಂದ ಮುಚ್ಚಿಸಿದ್ದರು. ಮದುವೆಯೊಂದರ ನಿಮಿತ್ತ ಆ ಸೀಮೆಗೆ ಬಂದಿದ್ದ ವೈದ್ಯವಿದ್ಯಾರ್ಥಿಗಳ ಗುಂಪೊಂದು, ಮೇ ೬ರಂದು, ತೆಂಗಿನ ತೋಟದ ಪಕ್ಕದ ದಾರಿಯಿಂದ ಅದೇ ತೀರಕ್ಕೆ ಇಳಿಯಿತು. ಅವರಲ್ಲಿ ಐವರು ಅಲೆಗೆ ಸಿಕ್ಕಿ ತೀರಿಕೊಂಡರು. ಇನ್ನೊಬ್ಬರ ಪ್ರಾಣವುಳಿಸುವ ವಿದ್ಯೆಯನ್ನು ವರ್ಷಾನುಗಟ್ಟಲೆ ಕಲಿತಿದ್ದ ತರುಣ ತರುಣಿಯರು ಅವರು. ಮದುವೆ ಮುಗಿದಿದೆ, ಊರಿಗೆ ಹೊರಡಬೇಕು, ನಡುವೆ ಸಿಕ್ಕಿದ್ದು ಒಂದು ಹೊತ್ತು. ಆ ಹೊತ್ತನ್ನು ಬಿಡಲು ಮನಸ್ಸು ಬರುವುದು ಕಷ್ಟ. ಅವರನ್ನು ನಿಂದಿಸಲು ನನಗೆ ಬಾಯಿ ಬರುವುದಿಲ್ಲ. ನಮ್ಮಲ್ಲಿ ಯಾರ ಮನೆಯ ಮಕ್ಕಳಾದರೂ ಹಾಗೆಯೇ ಮಾಡಿಯಾರು ಎಂಬುದೇ ನನ್ನ ಸಂಕಟ.

ಅದೇ ವರ್ಷ ಡಿಸೆಂಬರ್ ೧೦ರಂದು ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಕೋಲಾರದ ಕೆರೆಗಳ ನಾಡಿನಿಂದ ಬಂದ ಮಕ್ಕಳು. ಅದು ಮಳೆಗಾಲವಲ್ಲ, ಪ್ರವಾಸಕ್ಕೆ ಎಲ್ಲರೂ ಹೊರಡುವ ಚಳಿಗಾಲ. ಕಡಲಿಗೆ ಒಳ್ಳೆಯ ಕಾಲವೆಂಬುದುಂಟು, ನಿರ್ಭಯವಾದ ಕಾಲವೆಂಬುದಿಲ್ಲ. ದಂಡೆಗೆ ಬಂದು ಬಡಿದ ನೀರೆಲ್ಲ ಹಿಂದಕ್ಕೆ ಹೋಗಲೇಬೇಕಷ್ಟೆ. ಅದು ಎಲ್ಲಾದರೊಂದು ಕಡೆ ಸಂದು ಮಾಡಿಕೊಂಡು ಕಾಲುವೆಯಂತೆ ರಭಸವಾಗಿ ಒಳಕ್ಕೆ ಹರಿಯುವುದು. ಇದನ್ನೇ ಸೆಳವು ಎನ್ನುವರು. ಅದು ಹರಿಯುವಲ್ಲಿ ಅಲೆಗಳು ಅಷ್ಟಾಗಿ ಒಡೆಯುವುದಿಲ್ಲ. ನೊರೆ ಕಡಮೆ, ನೀರಿನ ಬಣ್ಣ ತುಸು ಕಪ್ಪು. ಎರಡು ಬದಿಯಲ್ಲಿ ಅಲೆಗಳ ಅಬ್ಬರವಿರುವಾಗ ನಡುವಿನ ಈ ಜಾಗವೇ ತಿಳಿಯದವರ ಕಣ್ಣಿಗೆ ಶಾಂತವಾಗಿ ಕಾಣುವುದು. ಮಕ್ಕಳನ್ನು ಆಡಲು ಬಿಡಲು ತಕ್ಕ ಸ್ಥಳವೆಂದು ಅವರು ಆರಿಸಿಕೊಳ್ಳುವುದೂ ಅದನ್ನೇ.

ಸೆಳವು ಮನುಷ್ಯನನ್ನು ಆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಎಳೆಯುತ್ತದೆ. ಸಿಕ್ಕಿದವನು ದಂಡೆಯ ಕಡೆಗೇ ಈಜಲು ಹೆಣಗಿ, ದಣಿದು, ಮುಳುಗುವನು. ಹೆಣಗದೆ, ಮುಖವನ್ನು ಮೇಲೆ ಮಾಡಿ ತೇಲುತ್ತ, ಕೈಯೆತ್ತಿ ಸಹಾಯ ಬೇಡಬೇಕು. ಈಜು ಬಲ್ಲವನಾದರೆ ದಂಡೆಗೆ ಸಮಾನವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬಿದ್ದು, ಆಮೇಲೆ ತೀರದ ಕಡೆ ತಿರುಗಬೇಕು. ದಂಡೆಯಲ್ಲಿರುವವರು ಹಾರಿ ಬೀಳದೆ, ಮುಚ್ಚಿದ ಬರಿಯ ಡಬ್ಬವನ್ನೋ ಚೆಂಡನ್ನೋ ಹಗ್ಗವನ್ನೋ ಎಸೆದು ಜೀವರಕ್ಷಕರನ್ನು ಕೂಗಬೇಕು. ಒಬ್ಬನನ್ನು ಉಳಿಸಲು ಹೋಗಿ ಮೂವರು ಮುಳುಗಿದ ಕತೆಗಳಿಗೆ ನಮ್ಮ ತೀರದಲ್ಲಿ ಬರಗಾಲವಿಲ್ಲ. ಇಷ್ಟನ್ನು ಮಕ್ಕಳಿಗೆ ಹೊರಡುವ ಮುನ್ನ ಮನೆಯಲ್ಲೇ ಹೇಳಿಕೊಡಲು ಅರ್ಧ ಗಳಿಗೆಯೂ ಬೇಡ.

ಇನ್ನು ಸುನಾಮಿಯ ಮಾತು. ೨೦೦೪ರ ಡಿಸೆಂಬರ್ ೨೬ ಭಾನುವಾರ, ಹುಣ್ಣಿಮೆ. ಕ್ರಿಸ್ಮಸ್ ಹಬ್ಬದ ಮರುದಿನ. ವೇಲಾಂಕಣ್ಣಿಯಲ್ಲಿ ಯಾತ್ರಿಕರು, ಕನ್ಯಾಕುಮಾರಿಯ ವಿವೇಕಾನಂದ ಬಂಡೆಯ ಮೇಲೆ ಪ್ರವಾಸಿಗರು ನೆರೆದಿದ್ದರು. ಅಂದು ಬೆಳಗ್ಗೆ ನಮ್ಮ ಗಡಿಯಾರದಲ್ಲಿ ಆರೂವರೆಯ ಹೊತ್ತಿಗೆ ಸುಮಾತ್ರಾ ದ್ವೀಪದ ಬಳಿ ಸಮುದ್ರದ ತಳ ಕಂಪಿಸಿತು. ಕಂಪನದ ಪ್ರಮಾಣ ೯.೧. ತಮಿಳುನಾಡಿನ ತೀರವನ್ನು ಅಲೆ ಮುಟ್ಟಲು ಎರಡು ತಾಸಿಗೂ ಹೆಚ್ಚು ಕಾಲ ಹಿಡಿಯಿತು. ಆ ಎರಡು ತಾಸು ಇದ್ದಿತು. ಸುದ್ದಿಯನ್ನು ಮುಟ್ಟಿಸುವ ವ್ಯವಸ್ಥೆ ಹಿಂದೂ ಮಹಾಸಾಗರದಲ್ಲಿ ಇರಲಿಲ್ಲ. ಹಲವು ದೇಶಗಳಲ್ಲಿ ಒಟ್ಟು ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅನೇಕ ಕಡೆ ಅಲೆ ಬರುವ ಮುನ್ನ ಸಮುದ್ರ ಹಿಂದಕ್ಕೆ ಸರಿದು ತಳದ ಮರಳೂ ಬಂಡೆಗಳೂ ತೋರಿದವು. ಮಹಾಬಲಿಪುರದಲ್ಲಿ ನೀರಿನಡಿಯ ಕಲ್ಲುಗಳ ಸಾಲು ಕಾಣಿಸಿತು. ಅಪೂರ್ವವಾದುದನ್ನು ನೋಡಲೆಂದೇ ಊರು ಬಿಟ್ಟು ಬಂದವನಿಗೆ ಇದಕ್ಕಿಂತ ಅಪೂರ್ವವಾದ ನೋಟ ಬೇರೆ ಯಾವುದು? ಓಡಿಹೋಗಬೇಕಾದ ಗಳಿಗೆಯಲ್ಲಿಯೇ ಅವನು ಹತ್ತಿರ ಹೋಗಿ ನೋಡುವನು.

ಅದೇ ದಿನ ಥಾಯ್ಲೆಂಡಿನ ಫುಕೆಟ್ ದ್ವೀಪದಲ್ಲಿ ತಂದೆತಾಯಿಗಳೊಡನೆ ಬಂದಿದ್ದ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಬಾಲಕಿ, ನೀರು ವಿಚಿತ್ರವಾಗಿ ನೊರೆಗಟ್ಟುತ್ತಿರುವುದನ್ನು ಕಂಡು, ಎರಡು ವಾರದ ಹಿಂದೆ ಭೂಗೋಳದ ಪಾಠದಲ್ಲಿ ಕೇಳಿದ್ದುದನ್ನು ನೆನೆದು, ಹಟ ಹಿಡಿದು ಹಿರಿಯರನ್ನು ಎಬ್ಬಿಸಿದಳು. ಆ ದಂಡೆಯಲ್ಲಿದ್ದ ಸುಮಾರು ನೂರು ಜನ ಉಳಿದುಕೊಂಡರು. ಸುಮಾತ್ರಾದ ಪಕ್ಕದ ಸಿಮೆಲೂ ದ್ವೀಪದಲ್ಲಿ ೧೯೦೭ರಲ್ಲಿ ಒಂದು ಸುನಾಮಿ ಬಂದಿದ್ದಿತು. ‘ಸ್ಮಾಂಗ್’ ಎಂಬ ಹೆಸರಿನಿಂದ ಅಜ್ಜಿಯರು ಆ ಕತೆಯನ್ನು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದರು: ಭೂಮಿ ಬಲವಾಗಿ ನಡುಗಿದರೆ, ಕಡಲು ಹಿಂದೆ ಸರಿದರೆ, ಗುಡ್ಡಕ್ಕೆ ಓಡಬೇಕು. ೨೦೦೪ರಲ್ಲಿ ಕಂಪನದ ಕೇಂದ್ರಕ್ಕೆ ಬಹು ಸಮೀಪದಲ್ಲಿದ್ದ ಆ ದ್ವೀಪದ ಸುಮಾರು ೭೮,೦೦೦ ಜನರಲ್ಲಿ ಸತ್ತವರು ಏಳು ಮಂದಿ. ಒಂದು ಪಾಠ, ಒಂದು ಅಜ್ಜಿಕತೆ. ಇವೇ ಅಲ್ಲಿ ಗೋಡೆಗಳಾಗಿ ನಿಂತವು.

ಅದು ಪೂರ್ವದ ಸಮುದ್ರದ ಮಾತು, ನಮ್ಮ ಅರಬ್ಬಿ ಸಮುದ್ರ ಸಾಧು ಎಂದುಕೊಳ್ಳುವಂತಿಲ್ಲ. ೧೯೪೫ರ ನವೆಂಬರ್ ಕೊನೆಯಲ್ಲಿ ಮಕ್ರಾನ್ ತೀರದ ಬಳಿ ಭೂಕಂಪವಾಗಿ ಎದ್ದ ಅಲೆಗಳು ಮುಂಬಯಿಯವರೆಗೂ ಬಂದು ಜನರನ್ನು ಕೊಚ್ಚಿಕೊಂಡು ಹೋದವು. ೨೦೦೭ರಿಂದ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆಯ ಕೇಂದ್ರ ಕೆಲಸ ಮಾಡುತ್ತಿದೆ. ಇದು ದೊಡ್ಡ ಸಮಾಧಾನ. ಆದರೂ ನೆಲ ನಡುಗಿದರೆ, ಕಡಲು ಅಕಾಲದಲ್ಲಿ ಹಿಂಜರಿದರೆ, ಭೋರೆಂಬ ಸದ್ದು ಕೇಳಿದರೆ, ಯಾರ ಅಪ್ಪಣೆಗೂ ಕಾಯದೆ ಕಾಲ್ನಡಿಗೆಯಿಂದಲೇ ಎತ್ತರಕ್ಕೆ ಹೋಗಬೇಕು. ಗಾಡಿಯನ್ನು ನೆಚ್ಚಿದರೆ ಬೀದಿಯಲ್ಲೇ ಸಿಕ್ಕಿಬಿದ್ದೇವು. ಗುಡ್ಡ ಸಿಕ್ಕದಿದ್ದರೆ ಗಟ್ಟಿ ಕಟ್ಟಡದ ಮೇಲಿನ ಅಂತಸ್ತು. ಮೊದಲ ಅಲೆ ಇಳಿಯಿತೆಂದು ಕೆಳಗೆ ಬರಬಾರದು. ಹಿಂದಿನ ಅಲೆಗಳು ಮೊದಲಿನದಕ್ಕಿಂತ ದೊಡ್ಡವಾಗಿರುವುದುಂಟು, ಅವು ತಾಸುಗಟ್ಟಲೆ ಬರುವುದುಂಟು.

ನಮ್ಮ ಕರಾವಳಿಯಲ್ಲಿ ಗುಡ್ಡಗಳು ಕಡಲಿಗೆ ಬಹು ಸಮೀಪ. ಸುನಾಮಿಗೆ ಅವು ಆಶ್ರಯ. ಮಳೆಗಾಲದಲ್ಲಿ ಅದೇ ಗುಡ್ಡಗಳ ಗುಣ ಬೇರೆ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ, ಭಾರಿ ಮಳೆಯ ನಡುವೆ, ರಾಷ್ಟ್ರೀಯ ಹೆದ್ದಾರಿ ೬೬ರ ಮೇಲೆ ಗುಡ್ಡ ಕುಸಿಯಿತು. ದೂರ ಹೋಗುವ ಗಾಡಿಗಳು ನಿಂತು ಚಹ ಕುಡಿದು ಮುಂದುವರಿಯುವ ಸ್ಥಳ ಅದು. ಮಣ್ಣು ಅಂಗಡಿಯನ್ನೂ ಗಾಡಿಗಳನ್ನೂ ಗಂಗಾವಳಿ ನದಿಗೆ ನೂಕಿತು. ನದಿಯ ನೀರು ಎದ್ದು ಆಚೆ ದಡದ ಉಳುವರೆ ಗ್ರಾಮದ ಮನೆಗಳನ್ನು ಬಡಿಯಿತು. ನದಿಯ ತಳ ಸೇರಿದ್ದ ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳ ಮೇಲೆ ಹಿಡಿಯಿತು. ಕಡಲನ್ನು ಮುಟ್ಟುವ ಮುನ್ನ ದಾರಿಯೂ ಇದೆ ಎಂಬುದನ್ನು ನಾವು ಮರೆಯುತ್ತೇವೆ. ಭಾರಿ ಮಳೆಯ ಸೂಚನೆಯಿರುವ ದಿನ ಘಟ್ಟವಿಳಿಯದಿರುವುದೇ ಲೇಸು. ಇಳಿಯಲೇಬೇಕಾದರೆ ಹಗಲಿನಲ್ಲಿ, ಕಡಿದ ಗುಡ್ಡದ ಬುಡದಲ್ಲಿ ಚಹಕ್ಕಾಗಲಿ ಚಿತ್ರಕ್ಕಾಗಲಿ ಗಾಡಿ ನಿಲ್ಲಿಸಬಾರದು. ಇಳಿಜಾರಿನಿಂದ ಸಣ್ಣ ಕಲ್ಲುಗಳು ಉರುಳುತ್ತಿದ್ದರೆ, ಮರಗಳು ವಾಲಿದ್ದರೆ, ಒರತೆಯ ನೀರು ಒಮ್ಮೆಗೇ ಕೆಂಪಾದರೆ, ಗುಡ್ಡ ಮಾತಾಡುತ್ತಿದೆಯೆಂದು ತಿಳಿದು ದೂರ ಸರಿಯಬೇಕು.

ಚಂಡಮಾರುತವಾದರೋ ಹೇಳಿ ಬರುವ ಅತಿಥಿ. ಹವಾಮಾನ ಇಲಾಖೆಯವರು ದಿನಗಳ ಮೊದಲೇ ತಿಳಿಸುವರು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಂದ ಅದರ ಉಗ್ರತೆಯನ್ನು ಸೂಚಿಸುವರು. ಬಂದರುಗಳಲ್ಲಿ ಸಂಖ್ಯೆಯ ಸಂಕೇತಗಳೇರುವುವು. ೨೦೨೧ರ ಮೇ ತಿಂಗಳಿನ ತೌಕ್ತೆ ಚಂಡಮಾರುತದ ಕೇಂದ್ರ ನಮ್ಮ ತೀರವನ್ನು ಮುಟ್ಟದೆ ಗುಜರಾತಿಗೆ ಹೋಯಿತು. ಆದರೂ ಮಂಗಳೂರು, ಉಡುಪಿಯ ಕಡೆಗಳಲ್ಲಿ ಅಲೆಗಳು ದಂಡೆಯನ್ನು ಕೊರೆದು ಮನೆಗಳನ್ನೂ ತೆಂಗುಗಳನ್ನೂ ಕೆಡವಿದುವು. ಆದುದರಿಂದ ‘ನಮ್ಮ ಕಡೆಗೆ ಬರುವುದಿಲ್ಲವಂತೆ’ ಎಂಬ ಮಾತು ಹೊರಡಲು ಸಾಲದು. ಗಾಳಿಯ ನಡುವೆ ಸಿಕ್ಕಿದವರು ಒಂದು ವಿಷಯವನ್ನು ನೆನಪಿಡಬೇಕು: ಅಬ್ಬರ ಫಕ್ಕನೆ ನಿಂತು ಆಕಾಶ ತಿಳಿಯಾದರೆ ಅದು ಚಂಡಮಾರುತದ ಕಣ್ಣು ಹಾದುಹೋಗುತ್ತಿರುವುದಿರಬಹುದು, ಸ್ವಲ್ಪ ಹೊತ್ತಿನಲ್ಲೇ ಎದುರು ದಿಕ್ಕಿನಿಂದ ಗಾಳಿ ಮತ್ತೆ ಬೀಸುವುದು. ಮುಂಗಾರಿನ ಮೊದಲೂ ಹಿಂಗಾರಿನಲ್ಲೂ ಬರುವ ಸಿಡಿಲಿಗೆ ಬಯಲಾದ ಮರಳದಂಡೆಯಷ್ಟು ಅಪಾಯದ ಸ್ಥಳ ಬೇರೆ ಅಪರೂಪ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತರವರೆಗೆ ಎಣಿಸುವಷ್ಟರಲ್ಲಿ ಸದ್ದು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆಯೆಂದು ಅರ್ಥ. ತೆಂಗಿನ ಬುಡಕ್ಕೆ ಓಡದೆ ಕಟ್ಟಡದೊಳಗೋ ಮುಚ್ಚಿದ ಗಾಡಿಯೊಳಗೋ ಸೇರಿ, ಕಡೆಯ ಗುಡುಗು ಕೇಳಿದ ಮೇಲೂ ಅರ್ಧ ತಾಸು ಅಲ್ಲಿಯೇ ಇರಬೇಕು.

ಇಷ್ಟೆಲ್ಲವನ್ನೂ ಓದಿ, ಹಾಗಾದರೆ ಮನೆಯಲ್ಲೇ ಇದ್ದುಬಿಡಬೇಕೆ ಎಂದು ವಾಚಕರು ಕೇಳಬಹುದು. ಹಾಗಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬಂತೆ, ಕಡಲುಳ್ಳ ನಾಡಿನವರಾಗಿ ಅದನ್ನು ಕಾಣದೆ ಬಾಳುವುದೂ ಒಂದು ಬಡತನವೇ. ನನ್ನ ಸೂಚನೆ ಇಷ್ಟೆ: ಪ್ರವಾಸದ ಲೆಕ್ಕದಲ್ಲಿ ಒಂದು ಖಾಲಿ ದಿನವನ್ನು ಇಡಬೇಕು. ಮೂರು ದಿನಕ್ಕೆ ಮೂರು ಊರೆಂದು ಗಂಟು ಹಾಕದೆ, ಮೂರು ದಿನಕ್ಕೆ ಒಂದೇ ಊರು ಸಾಕೆನ್ನಬೇಕು. ಆ ಖಾಲಿ ದಿನಕ್ಕೆ ತಗಲುವ ವೆಚ್ಚವನ್ನು ಟಿಕೆಟ್ಟಿನ ವೆಚ್ಚದಂತೆಯೇ ಮೊದಲೇ ತೆಗೆದಿಡಬೇಕು. ನಷ್ಟವೆಂದು ಎಣಿಸದಿದ್ದರೆ ಅದನ್ನು ತುಂಬಿಕೊಳ್ಳಲು ಯಾರೂ ಅಲೆಗೆ ಇಳಿಯುವುದಿಲ್ಲ. ಗುಂಪಿನಲ್ಲಿ ಒಬ್ಬರಿಗೆ, ಹೆಚ್ಚಾಗಿ ಮನೆಯ ಹಿರಿಯ ಹೆಂಗಸಿಗೆ, ‘ಬೇಡ’ ಎನ್ನುವ ಅಧಿಕಾರವನ್ನು ಹೊರಡುವ ಮುನ್ನವೇ ಕೊಟ್ಟುಬಿಡಬೇಕು. ಆಮೇಲೆ ಆ ಮಾತಿಗೆ ಅಪೀಲಿರಕೂಡದು.

ಊರು ಸೇರಿದೊಡನೆ ವಸತಿಗೃಹದವರನ್ನು ಮೂರು ಪ್ರಶ್ನೆ ಕೇಳುವುದು ನನ್ನ ವಾಡಿಕೆ. ಎತ್ತರದ ನೆಲ ಎಲ್ಲಿದೆ, ನಡೆದು ಹೋಗುವ ದಾರಿ ಯಾವುದು? ಇಂದು ಭರತ ಯಾವ ಹೊತ್ತಿಗೆ? ನಿಮ್ಮ ಮನೆಯ ಮಕ್ಕಳನ್ನು ನೀವು ಎಲ್ಲಿಗೆ ಕಳಿಸುವುದಿಲ್ಲ? ಮೂರನೆಯದಕ್ಕೆ ಉತ್ತರ ಕೊಡುವಾಗ ಜನರ ಮುಖ ಬದಲಾಗುವುದನ್ನು ಕಂಡಿದ್ದೇನೆ. ವ್ಯಾಪಾರದ ನಗೆ ಮಾಸಿ, ಆ ಬಂಡೆ, ಈ ಅಳಿವೆ, ಹೋದ ವರ್ಷ ಅಲ್ಲಿ ಹೀಗಾಯಿತು ಎಂದು, ಮನೆಯವರಿಗೆ ಹೇಳುವಂತೆ ಹೇಳತೊಡಗುವರು. ಯಾವ ಮಾರ್ಗದರ್ಶಿ ಪುಸ್ತಕದಲ್ಲಿಯೂ ಅದು ಸಿಕ್ಕುವುದಿಲ್ಲ. ಮೊಬೈಲಿನಲ್ಲಿ ಹವಾಮಾನದ ಸೂಚನೆಯನ್ನು ದಿನವೂ ನೋಡುವುದು, ತುರ್ತುಸಹಾಯದ ೧೧೨, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ ೧೦೭೭ ಎಂಬ ಸಂಖ್ಯೆಗಳನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸುವುದು, ಇವು ಅದರ ಜತೆಗೆ ಇರಬೇಕಾದುವು.

ನಮ್ಮ ಹಟಕ್ಕೆ ಬೆಲೆ ತೆರುವವರು ನಾವು ಮಾತ್ರವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಅಲೆಗೆ ಸಿಕ್ಕಿದವನು ಕೈಯೆತ್ತಿದಾಗ ನೀರಿಗೆ ಧುಮುಕುವವನು ಯಾರು? ಆ ಊರಿನ ಬೆಸ್ತರ ಹುಡುಗ. ೨೦೧೮ರ ಆಗಸ್ಟ್ ತಿಂಗಳಿನಲ್ಲಿ ಕೇರಳವು ನೆರೆಯಲ್ಲಿ ಮುಳುಗಿದಾಗ ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಒಳನಾಡಿಗೆ ಬಂದು ಸಾವಿರಾರು ಜನರನ್ನು ಉಳಿಸಿದವರು ಕಡಲತೀರದ ಬೆಸ್ತರು. ಅವರಿಗೆ ಮನೆಯಿದೆ, ಕಾದಿರುವ ತಾಯಿ ಇದ್ದಾಳೆ. ಕೆಂಪು ಬಾವುಟವನ್ನು ದಾಟಿ ನೀರಿಗಿಳಿಯುವವನು ತನ್ನ ಪ್ರಾಣದೊಡನೆ ಇನ್ನೂ ಮುಖ ನೋಡದ ಒಬ್ಬನ ಪ್ರಾಣವನ್ನೂ ಪಣಕ್ಕೆ ಇಡುತ್ತಾನೆ. ಆ ಇನ್ನೊಬ್ಬನ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಅತಿಥಿಯನ್ನು ದೇವರೆಂದು ಕಾಣುವ ಧರ್ಮ ನಮ್ಮದು. ಅತಿಥಿಗೂ ಒಂದು ಧರ್ಮವಿದೆ: ಮನೆಯವರನ್ನು ಅಳಿಸಿ ಹೋಗದಿರುವುದು.

ನಮ್ಮ ಪ್ರವಾಸಕಥನಗಳಲ್ಲಿ ಕಂಡುದರ ವರ್ಣನೆ ಧಾರಾಳವಾಗಿದೆ. ಹೋಗಿ, ಎರಡು ದಿನ ವಸತಿಗೃಹದ ಕಿಟಕಿಯಿಂದ ಮಳೆಯನ್ನು ನೋಡುತ್ತ ಕುಳಿತು, ಮಕ್ಕಳಿಗೆ ಕತೆ ಹೇಳಿ, ಪತ್ರೊಡೆ ತಿಂದು, ದೂರದಿಂದ ಕಡಲಿನ ಮೊರೆತವನ್ನಷ್ಟೇ ಕೇಳಿ ಹಿಂದಿರುಗಿದ ಪ್ರವಾಸದ ಕಥನವನ್ನು ನಾನು ಓದಿಲ್ಲ. ಅಂತಹದನ್ನು ಬರೆಯಲು ಯಾರಿಗೂ ನಾಚಿಕೆಯಾಗಬೇಕಾದುದಿಲ್ಲ. ಮುಂದಿನ ರಜೆಯಲ್ಲಿ ಅದೇ ಮಕ್ಕಳು ಒಂದು ಬೆರಳು ಎತ್ತರ ಬೆಳೆದು ಅದೇ ಗಾಡಿಯಲ್ಲಿ ಕುಳಿತಿರುವರು. ಅದೇ ತಿರುವಿನಲ್ಲಿ ಅದೇ ಕೂಗನ್ನು ಕೂಗುವರು. ಅಷ್ಟು ಮಂದಿಯೂ ಎಣಿಕೆಗೆ ಸರಿಯಾಗಿ ಸಿಕ್ಕಿದರೆ, ಹಿಂದಿನ ವರ್ಷ ನೋಡದೆ ಬಿಟ್ಟ ಕಡಲು ನಮಗೆ ಬಡ್ಡಿಯೊಡನೆ ಬಂದಂತೆಯೇ ಸರಿ.